ಆಫೀಸಿಗೆ ಕೋಟು, ಪ್ಯಾಂಟು: ಎಲ್ಲಿಂದ ಶುರು ಮಾಡಲಿ?

ನೀಲಿ ಅಂಗಿ:

ಎಲ್ಲರಿಗೂ ನಮಸ್ಕಾರ. ನಾನು ಹನ್ನೊಂದು ವರ್ಷ ಕಾರ್ಖಾನೆಯಲ್ಲೇ ಕೆಲಸ ಮಾಡಿದವನು. ದಪ್ಪ ಬಟ್ಟೆಯ ಸಮವಸ್ತ್ರ, ಮುಂದುಗಡೆ ಉಕ್ಕಿನ ತಗಡು ಇರುವ ಬೂಟು. ಬೆಳಿಗ್ಗೆ ಎದ್ದು ಏನು ಹಾಕಲಿ ಅಂತ ಯೋಚಿಸಿದ್ದೇ ಇಲ್ಲ. ಈಗ ನನ್ನನ್ನು ಮುಖ್ಯ ಕಚೇರಿಗೆ ಹಾಕಿದ್ದಾರೆ. ಇನ್ನು ಆರು ವಾರಕ್ಕೆ ಅಲ್ಲಿ ಸೇರಬೇಕು. ನಮ್ಮ ಯಂತ್ರ ಕೊಳ್ಳುವವರ ಜೊತೆ ಕೂತು ಮಾತಾಡುವ ಕೆಲಸ. ಹೋದ ವಾರ ಒಂದು ದಿನ ಹೋಗಿ ನೋಡಿ ಬಂದೆ. ಗಂಡಸರೆಲ್ಲ ಕೋಟು ಹಾಕಿದ್ದರು. ಟೈ ಕಟ್ಟಿದವರು ನಾಲ್ಕೈದು ಜನ ಅಷ್ಟೇ.

ನನ್ನ ಹತ್ತಿರ ಒಂದು ಕಪ್ಪು ಸೂಟು ಇದೆ. ಆರು ವರ್ಷದ ಹಿಂದೆ ಒಂದು ಸಮಾರಂಭಕ್ಕೆ ಅಂತ ಸಿದ್ಧ ಉಡುಪಿನ ಅಂಗಡಿಯಲ್ಲಿ ಅವಸರದಲ್ಲಿ ತೆಗೆದುಕೊಂಡದ್ದು. ಬಟ್ಟೆ ಸ್ವಲ್ಪ ಮಿಂಚುತ್ತದೆ. ಹಾಕಿಕೊಂಡು ಕೂತರೆ ಕೋಟಿನ ಕಾಲರ್ ಕುತ್ತಿಗೆಯಿಂದ ಎದ್ದು ನಿಲ್ಲುತ್ತದೆ. ಹಿಂದೆ ಎರಡು ಬೆರಳು ತೂರುವಷ್ಟು ಸಂದು. ಇದರ ಜೊತೆಗೆ ಮೂತಿ ಚೂಪಾದ ಕಂದು ಶೂ ಒಂದು ಜೊತೆ, ತಿಳಿ ನೀಲಿ ಅಂಗಿ ಎರಡು.

ಕೇಳಬೇಕಾದ್ದು ಇಷ್ಟು. ಈ ಕಪ್ಪು ಕೋಟನ್ನು ಬೂದು ಪ್ಯಾಂಟಿನ ಮೇಲೆ ಹಾಕಬಹುದಾ? ಆ ಕುತ್ತಿಗೆಯ ಸಂದು ಸರಿಹೋಗುತ್ತದಾ? ಹೊಸದು ಕೊಳ್ಳುವುದಾದರೆ ಮೊದಲು ಯಾವುದು?

ನನ್ನ ಕೆಲಸ ನನಗೆ ಚೆನ್ನಾಗಿ ಗೊತ್ತು. ಎದುರಿಗೆ ಕೂತವರ ಗಮನ ನನ್ನ ಮಾತಿನ ಮೇಲೆ ಇರಬೇಕು, ನನ್ನ ಕೋಟಿನ ಮೇಲೆ ಅಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಎಂಟನೇ ಮಹಡಿ:

ಅಭಿನಂದನೆ. ಕಪ್ಪು ಕೋಟನ್ನು ಬೂದು ಪ್ಯಾಂಟಿನ ಮೇಲೆ ಹಾಕಬೇಡಿ. ಸೂಟಿನ ಕೋಟು ಅದರದೇ ಪ್ಯಾಂಟಿನ ಜೊತೆಗೆ ಅಂತ ಮಾಡಿದ್ದು. ಬಟ್ಟೆ ನುಣುಪು, ಹೊಳಪು ಬೇರೆ ಇರುತ್ತದೆ. ಬೇರೆ ಪ್ಯಾಂಟಿನ ಮೇಲೆ ಹಾಕಿದರೆ ಜೋಡಿ ಕಳೆದುಹೋದ ಹಾಗೆ ಕಾಣುತ್ತದೆ. ಕಪ್ಪು ಬಣ್ಣವೂ ಹಗಲಿನ ಬೆಳಕಿಗೆ ಗಡುಸು. ಅದನ್ನು ಸಂಜೆಯ ಸಮಾರಂಭಕ್ಕೆ ಇಟ್ಟುಕೊಳ್ಳಿ.

ನಾನು ಹದಿನಾಲ್ಕು ವರ್ಷದಿಂದ ಕೋಟು ಹಾಕಿಕೊಂಡೇ ಆಫೀಸಿಗೆ ಹೋಗುತ್ತಿದ್ದೇನೆ. ಮೊದಲ ವರ್ಷ ಪೂರ್ತಿ ನಡೆದದ್ದು ಒಂದು ಕಡು ನೀಲಿ ಕೋಟು, ಎರಡು ಬೂದು ಪ್ಯಾಂಟಿನ ಮೇಲೆ. ಒಂದು ನಡು ಬೂದು, ಇನ್ನೊಂದು ಇದ್ದಿಲಿನ ಬಣ್ಣಕ್ಕೆ ಹತ್ತಿರ. ಬಿಳಿ ಅಂಗಿ ಮೂರು, ತಿಳಿ ನೀಲಿ ಎರಡು. ಯಾರೂ ಏನೂ ಅನ್ನಲಿಲ್ಲ. ಅದೇ ನನಗೆ ಬೇಕಾಗಿದ್ದದ್ದು. ನೀಲಿ ಕೋಟಿಗೆ ಹಿತ್ತಾಳೆ ಗುಂಡಿ ಬೇಡ, ಕಡು ಕಂದು ಕೊಂಬಿನ ಗುಂಡಿ ಇರಲಿ. ಹಿತ್ತಾಳೆ ಗುಂಡಿ ಇದ್ದರೆ ಎಲ್ಲರಿಗೂ ನೆನಪಿರುತ್ತದೆ, ವಾರಕ್ಕೆ ಮೂರು ಸಲ ಹಾಕುವುದು ಕಷ್ಟ.

ಕುತ್ತಿಗೆಯ ಸಂದಿನ ಬಗ್ಗೆ ಸೂಜಿದಾರ ಅವರು ಹೇಳಿದರೆ ಒಳ್ಳೆಯದು. ಅವರು ಇಪ್ಪತ್ತಾರು ವರ್ಷ ಕಟಿಂಗ್ ಮಾಡಿದವರು.

ಸೂಜಿದಾರ:

ನೀಲಿ ಅಂಗಿ ಅವರೇ, ಮೊದಲು ಒಂದು ಕೆಲಸ ಮಾಡಿ. ಆ ಕಪ್ಪು ಕೋಟು ಹಾಕಿಕೊಳ್ಳಿ. ಗೋಡೆಗೆ ಪಕ್ಕವಾಗಿ ನಿಂತು, ಕೈ ಸಡಿಲ ಬಿಟ್ಟು, ಹಾಗೇ ಗೋಡೆಯ ಕಡೆ ವಾಲಿ. ಮೊದಲು ತಾಗುವುದು ನಿಮ್ಮ ತೋಳೋ, ಕೋಟಿನ ಭುಜದ ಪ್ಯಾಡೋ? ಪ್ಯಾಡು ಮೊದಲು ತಾಗಿ ಮಡಚಿಕೊಂಡರೆ ಭುಜ ದೊಡ್ಡದಾಯಿತು ಅಂತ. ಆಮೇಲೆ ನಿಮ್ಮ ಭುಜದ ಮೂಳೆ ಮುಗಿಯುವ ಜಾಗ ಬೆರಳಲ್ಲಿ ಹುಡುಕಿ. ತೋಳಿನ ಹೊಲಿಗೆ ಅಲ್ಲೇ ಕೂರಬೇಕು.

ಇದನ್ನು ಯಾಕೆ ಮೊದಲು ಹೇಳಿದೆ ಅಂದರೆ, ಭುಜ ಒಂದು ಸರಿ ಇಲ್ಲದಿದ್ದರೆ ಆ ಕೋಟನ್ನು ಅಲ್ಲೇ ಬಿಟ್ಟು ಬರಬೇಕು. ಭುಜ ಸರಿಮಾಡಲು ತೋಳು ಬಿಚ್ಚಬೇಕು, ಪ್ಯಾಡು ತೆಗೆಯಬೇಕು, ಭುಜದ ಹೊಲಿಗೆ ಬಿಚ್ಚಬೇಕು, ಕಾಲರನ್ನೂ ಎಬ್ಬಿಸಬೇಕಾಗಬಹುದು. ಅಷ್ಟು ಮಾಡಿದ ಮೇಲೂ ಮೊದಲಿನ ಗೆರೆ ಬರುವುದು ಅಪರೂಪ. ಉಳಿದದ್ದಕ್ಕೆ ದಾರಿ ಇದೆ. ತೋಳು ಉದ್ದ ಇದ್ದರೆ ಚಿಕ್ಕದು ಮಾಡಬಹುದು. ನಡು ಲೂಸಿದ್ದರೆ ಹಿಡಿಯಬಹುದು. ಟೈಟಿದ್ದರೆ ಒಳಗೆ ಬಟ್ಟೆ ಬಿಟ್ಟಿದ್ದಾರಾ ನೋಡಿ ಒಂದಿಂಚು ಬಿಡಿಸಬಹುದು. ನಾನು ಕತ್ತರಿ ಹಿಡಿದಿದ್ದ ಕಾಲದಲ್ಲಿ ಜನ ಬಟ್ಟೆಯ ಬಣ್ಣ ನೋಡಿ ಕೋಟು ತಂದು, ‘ಮಾಸ್ಟರ್, ಭುಜ ಒಂಚೂರು ಸರಿ ಮಾಡಿಕೊಡಿ’ ಅನ್ನುತ್ತಿದ್ದರು. ಆ ಒಂಚೂರು ಅನ್ನುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ.

ಇನ್ನು ಕಾಲರ್. ನೀವು ಕೂತಾಗ ಗುಂಡಿ ಹಾಕಿಕೊಂಡೇ ಕೂರುತ್ತೀರಾ? ಹಾಗಿದ್ದರೆ ಮೊದಲು ಗುಂಡಿ ಬಿಚ್ಚಿ ಕೂತು ನೋಡಿ. ಗುಂಡಿ ಹಾಕಿ ಕೂತರೆ ಮುಂಭಾಗ ತೊಡೆಯ ಮೇಲೆ ಕೂರುತ್ತದೆ, ಇಡೀ ಕೋಟು ಮೇಲೆ ತಳ್ಳಿಕೊಳ್ಳುತ್ತದೆ, ಕಾಲರ್ ಏಳುತ್ತದೆ. ಅದು ಕೋಟಿನ ತಪ್ಪಲ್ಲ. ನಿಂತಾಗಲೂ ಸಂದು ಕಂಡರೆ ಮಾತು ಬೇರೆ. ಕುತ್ತಿಗೆ ಮುಂದೆ ಚಾಚಿ ನಿಲ್ಲುವವರಿಗೆ, ಬೆನ್ನು ಸ್ವಲ್ಪ ಬಾಗಿದವರಿಗೆ ಹಿಂಭಾಗದಲ್ಲಿ ಬಟ್ಟೆ ಉದ್ದ ಬೇಕು. ಸಿದ್ಧ ಕೋಟು ನೆಟ್ಟಗೆ ನಿಂತವರ ಅಳತೆಗೆ ಕತ್ತರಿಸಿದ್ದು, ಅಲ್ಲಿ ಬಟ್ಟೆ ಸಾಲದು. ಇಲ್ಲದ ಬಟ್ಟೆಯನ್ನು ಯಾವ ದರ್ಜಿಯೂ ತರಲಾರ. ಆದರೆ ಕಾಲರಿನ ಕೆಳಗೆ ಬೆನ್ನ ಮೇಲೆ ಅಡ್ಡ ಮಡಿಕೆ ಬೀಳುತ್ತಿದ್ದರೆ ಅದು ಬಟ್ಟೆ ಜಾಸ್ತಿಯಾದದ್ದು. ಕಾಲರ್ ಬಿಚ್ಚಿ ಕೆಳಗಿಳಿಸಿ ಕೂರಿಸಬಹುದು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸ ಕಲಿತ ಹೊಸತರಲ್ಲಿ ಒಬ್ಬರಿಗೆ ಅಳತೆ ತೆಗೆದೆ. ಅವರು ಟೇಪು ಕಂಡ ಕೂಡಲೇ ಎದೆ ಉಬ್ಬಿಸಿ ಸೆಟೆದು ನಿಂತರು. ನಾನು ಹಾಗೇ ಬರೆದುಕೊಂಡೆ. ಟ್ರಯಲ್ ದಿನ ಕೋಟು ಎದೆಯಲ್ಲಿ ಸಡಿಲ, ಬೆನ್ನಲ್ಲಿ ಗಿಡ್ಡ. ಕುತ್ತಿಗೆ ಹಿಂದೆ ಥೇಟ್ ನಿಮ್ಮದೇ ಸಂದು. ಹಿಂಭಾಗ ಪೂರ್ತಿ ಹೊಸದಾಗಿ ಕತ್ತರಿಸಬೇಕಾಯಿತು. ಆಮೇಲಿಂದ ನಾನು ಅಳತೆ ತೆಗೆಯುವಾಗ ಜನರನ್ನು ಮಾತಿಗೆಳೆಯುತ್ತಿದ್ದೆ. ಮಕ್ಕಳ ಓದಿನ ವಿಷಯ ಕೇಳಿದರೆ ಸಾಕು, ಎರಡು ನಿಮಿಷಕ್ಕೆ ಭುಜ ತಾನಾಗಿ ಇಳಿಯುತ್ತದೆ. ಆಗ ಗೊತ್ತಾಗುತ್ತದೆ, ಬಹಳ ಜನರಿಗೆ ಒಂದು ಭುಜ ಇನ್ನೊಂದಕ್ಕಿಂತ ತಗ್ಗು. ನೀವು ಅಂಗಡಿಯಲ್ಲಿ ಕೋಟು ಹಾಕಿ ನೋಡುವಾಗಲೂ ಹಾಗೇ ಮಾಡಿ. ಕನ್ನಡಿ ಮುಂದೆ ಸೆಟೆದು ನಿಲ್ಲಬೇಡಿ. ಕೂತುಕೊಳ್ಳಿ, ಕೈ ಚಾಚಿ, ಫೋನು ಕಿವಿಗೆ ಹಿಡಿಯಿರಿ.

ಗುಂಡಿ ಹಾಕಿದಾಗ ಹೊಟ್ಟೆಯ ಮೇಲೆ ಕತ್ತರಿಯಾಕಾರದ ಮಡಿಕೆ ಬಿದ್ದರೆ ಟೈಟು. ಕೋಟಿನ ಉದ್ದ ಸೀಟು ಮುಚ್ಚುವಷ್ಟು ಇರಲಿ. ಇತ್ತೀಚೆಗೆ ಗಿಡ್ಡ ಕೋಟುಗಳು ಜಾಸ್ತಿ ಬಂದವು, ನನಗೆ ಅವು ಹಿಡಿಸುವುದಿಲ್ಲ. ಕಾಲು ಉದ್ದ ಕಾಣಲಿ ಅಂತ ಮಾಡುತ್ತಾರೆ, ಆದರೆ ಸೊಂಟ ಅಗಲ ಕಾಣುತ್ತದೆ. ತೋಳು ಮಣಿಕಟ್ಟಿನ ಮೂಳೆಯ ಹತ್ತಿರ ನಿಲ್ಲಲಿ. ಅದರ ಕೆಳಗೆ ಅಂಗಿಯ ಕಫ್ ಅರ್ಧ ಇಂಚು ಕಾಣಬೇಕು. ಒಂದು ಎಚ್ಚರ: ತೋಳಿನ ತುದಿಯ ಕಾಜಾಗಳನ್ನು ನಿಜವಾಗಿ ಕತ್ತರಿಸಿ ಮಾಡಿದ್ದರೆ ಕೆಳಗಿನಿಂದ ಚಿಕ್ಕದು ಮಾಡಲು ಬರುವುದಿಲ್ಲ. ಮೇಲೆ ಭುಜದ ಕಡೆಯಿಂದ ಮಾಡಬೇಕು, ಅದು ದೊಡ್ಡ ಕೆಲಸ.

ಎರಡು ಗುಂಡಿಯ ಕೋಟಿನಲ್ಲಿ ಮೇಲಿನದು ಮಾತ್ರ ಹಾಕಿ. ಇಂಗ್ಲೆಂಡಿನ ದೊರೆ ಏಳನೇ ಎಡ್ವರ್ಡ್ ಹೊಟ್ಟೆ ಬೆಳೆದು ಕೆಳಗಿನ ಗುಂಡಿ ಬಿಟ್ಟ, ಉಳಿದವರೂ ಬಿಟ್ಟರು ಅಂತ ಒಂದು ಕಥೆ ಇದೆ. ಕಥೆ ಹೇಗೇ ಇರಲಿ, ಈಗ ಕೋಟು ಕತ್ತರಿಸುವುದೇ ಆ ಗುಂಡಿ ಬಿಡುವ ಹಾಗೆ. ಹಾಕಿದರೆ ಸೊಂಟದ ಕೆಳಗೆ ಎಳೆಯುತ್ತದೆ.

ಬಟ್ಟೆ ಉಣ್ಣೆಯದೇ ಇರಲಿ. ಮೀಟರಿಗೆ 250ರಿಂದ 280 ಗ್ರಾಂ ತೂಗುವ ವರ್ಸ್ಟೆಡ್, ಅಂದರೆ ಬಾಚಿದ ಉದ್ದ ಎಳೆಯ ನುಣುಪು ಉಣ್ಣೆ ಬಟ್ಟೆ, ವರ್ಷದ ಬಹುಪಾಲು ನಡೆಯುತ್ತದೆ. ಸೆಕೆ ಜಾಸ್ತಿ ಆಗುವವರು ಬಿಗಿಯಾಗಿ ಹೊಸೆದ ನೂಲಿನ, ಸಾದಾ ನೇಯ್ಗೆಯ ಬಟ್ಟೆ ಕೇಳಿ. ಅದನ್ನು ಬೆಳಕಿಗೆ ಹಿಡಿದರೆ ಸಣ್ಣ ಕಂಡಿಗಳು ಕಾಣುತ್ತವೆ, ಗಾಳಿ ಆಡುತ್ತದೆ. ಬೆನ್ನಿಗೆ ಅರ್ಧ ಅಸ್ತರು ಸಾಕು. ಬಟ್ಟೆಯ ಅಂಚಿನಲ್ಲಿ ‘ಸೂಪರ್ 100’, ‘ಸೂಪರ್ 150’ ಅಂತ ಬರೆದಿರುತ್ತದೆ. ಆ ಅಂಕಿ ಎಳೆಯ ಸಣ್ಣತನ ಹೇಳುತ್ತದೆ. 100 ಅಂದರೆ ಎಳೆಯ ದಪ್ಪ ಸರಾಸರಿ 18.75 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಮೀರಬಾರದು, 150ಕ್ಕೆ 16.25. ಅಂಕಿ ಏರಿದಷ್ಟೂ ಮುಟ್ಟಲು ಮೃದು, ಆದರೆ ಬಾಳಿಕೆ ಕಡಿಮೆ, ಸುಕ್ಕು ಜಾಸ್ತಿ. ದಿನಾ ಕುರ್ಚಿಗೆ ಒರಗುವ ಕೋಟಿಗೆ 100, 110 ಸಾಕು.

ಒಳಗೆ ಏನಿದೆ ಅಂತಲೂ ನೋಡಿ. ಕೆಳಗಿನ ಕಾಜಾದ ಹತ್ತಿರ ಹೊರ ಬಟ್ಟೆಯನ್ನು ಒಂದು ಕೈಯಲ್ಲಿ, ಒಳ ಬಟ್ಟೆಯನ್ನು ಇನ್ನೊಂದು ಕೈಯಲ್ಲಿ ಚಿವುಟಿ ಹಿಡಿದು ಮೆಲ್ಲಗೆ ಬೇರೆ ಮಾಡಿ. ನಡುವೆ ಮೂರನೆಯ ಪದರ ಸಡಿಲವಾಗಿ ಓಡಾಡಿದರೆ ಕ್ಯಾನ್ವಾಸ್ ಇದೆ. ಅದು ಉಣ್ಣೆ, ಕುದುರೆ ಕೂದಲು ಸೇರಿಸಿ ನೇಯ್ದದ್ದು, ಹಾಕಿದಷ್ಟೂ ನಿಮ್ಮ ಎದೆಗೆ ಹೊಂದಿಕೊಳ್ಳುತ್ತದೆ. ಹೊರ ಬಟ್ಟೆಯೇ ದಪ್ಪ ಅನ್ನಿಸಿದರೆ ಅಂಟು ಹಾಕಿ ಕಾಯಿಸಿ ಕೂರಿಸಿದ್ದು. ಅಂಟಿನದ್ದು ಕೆಟ್ಟದ್ದೇ ಅಂತ ಹೇಳುವುದಿಲ್ಲ. ಆದರೆ ಪದೇ ಪದೇ ಡ್ರೈ ಕ್ಲೀನಿಗೆ ಕೊಟ್ಟರೆ ಒಂದು ದಿನ ಎದೆಯ ಮೇಲೆ ಗುಳ್ಳೆ ಏಳಬಹುದು. ಅಂಗಡಿಯಲ್ಲಿ ‘ಹಾಫ್ ಕ್ಯಾನ್ವಾಸ್’ ಅಂದರೆ ಎದೆಯವರೆಗೆ ಕ್ಯಾನ್ವಾಸ್, ಕೆಳಗೆ ಅಂಟು. ಮೊದಲ ಕೋಟಿಗೆ ಅದು ಒಳ್ಳೆಯ ಆಯ್ಕೆ.

ಪ್ಯಾಂಟಿನ ಮಾತು ಚಿಕ್ಕದು. ಹೊಕ್ಕುಳಿಗಿಂತ ಸ್ವಲ್ಪ ಕೆಳಗೆ ಕೂರುವಂಥದ್ದು ತೆಗೆದುಕೊಳ್ಳಿ, ಸೊಂಟದ ಮೂಳೆಯ ಮೇಲೆ ಜಾರುವಂಥದ್ದು ಬೇಡ. ಕೋಟಿನ ಗುಂಡಿಯ ಕೆಳಗೆ ಅಂಗಿ ತ್ರಿಕೋನವಾಗಿ ಇಣುಕಿದರೆ ಎಷ್ಟು ಒಳ್ಳೆಯ ಕೋಟೂ ಕೆಟ್ಟು ಕಾಣುತ್ತದೆ.

ನೀಲಿ ಅಂಗಿ:

ಮಾಸ್ಟರ್, ಗೋಡೆಯ ಪರೀಕ್ಷೆ ಮಾಡಿದೆ. ನನ್ನ ತೋಳು ತಾಗುವ ಮೊದಲೇ ಪ್ಯಾಡು ತಾಗಿತು, ಹೆಬ್ಬೆರಳಿನಷ್ಟು ಅಗಲ. ನಿಂತಾಗಲೂ ಸಂದು ಹಾಗೇ ಇದೆ. ಮನೆಯವಳು ಪಕ್ಕದಿಂದ ಫೋಟೋ ತೆಗೆದಳು. ನನ್ನ ತಲೆ ಭುಜಕ್ಕಿಂತ ಎಷ್ಟು ಮುಂದಿದೆ ಅಂತ ಇವತ್ತೇ ಗೊತ್ತಾದದ್ದು. ಹನ್ನೊಂದು ವರ್ಷ ಯಂತ್ರದ ಮೇಲೆ ಬಗ್ಗಿದ್ದರ ಗುರುತು ಅದು. ಹಾಗಾಗಿ ಕಪ್ಪು ಕೋಟನ್ನು ಬಿಟ್ಟೆ. ಹೊಲಿಸುವುದೇ ಸರಿ ಅನ್ನಿಸುತ್ತಿದೆ. ಆರು ವಾರ ಸಾಕಾ?

ಇನ್ನೊಂದು. ಕೋಟಿನ ಹಿಂಭಾಗದ ಸೀಳಿಗೆ ಬಿಳಿ ದಾರದಲ್ಲಿ ಅಡ್ಡಡ್ಡ ಹೊಲಿಗೆ ಹಾಕಿದ್ದಾರೆ. ಆರು ವರ್ಷದಿಂದ ಹಾಗೇ ಇದೆ. ಅದನ್ನು ಬಿಚ್ಚಬೇಕಿತ್ತಾ?

ಸೂಜಿದಾರ:

ಬಿಚ್ಚಬೇಕಿತ್ತು. ಅದು ಸಾಗಿಸುವಾಗ ಸೀಳು ಮಡಚದಿರಲಿ ಅಂತ ಹಾಕುವ ಹೊಲಿಗೆ ಅಷ್ಟೇ. ತೋಳಿನ ಮೇಲೆ ಬಟ್ಟೆ ಗಿರಣಿಯ ಪಟ್ಟಿ ಇದ್ದರೆ ಅದೂ ಹಾಗೇ. ಜೇಬಿನ ಬಾಯಿಗೂ ಒಂದು ಸಾಲು ಹೊಲಿಗೆ ಇರುತ್ತದೆ. ಎದೆಯ ಜೇಬಿನದು ಬಿಚ್ಚಿ. ಪಕ್ಕದ ಜೇಬುಗಳನ್ನು ನಾನಾದರೆ ಹಾಗೇ ಬಿಡುತ್ತೇನೆ. ಕೀಲಿ, ಫೋನು ತುಂಬಿದರೆ ಕೋಟು ಜೋತುಬೀಳುತ್ತದೆ. ಬಿಚ್ಚುವಾಗ ಬ್ಲೇಡು ಬೇಡ, ಸಣ್ಣ ಕತ್ತರಿಯ ತುದಿ ಬಳಸಿ.

ನಿಮ್ಮಂಥ ಮೈಗೆ ಹೊಲಿಸುವುದೇ ಸರಿ. ಆರು ವಾರ ಸಾಕಾಗಬಹುದು, ಆದರೆ ಇದೇ ವಾರ ಬಟ್ಟೆ ಕೊಡಿ. ‘ಕಚ್ಚಾ ಹೊಲಿಗೆಯಲ್ಲಿ ಒಂದು ಟ್ರಯಲ್ ಕೊಡುತ್ತೀರಾ?’ ಅಂತ ಕೇಳಿ. ಇಲ್ಲ ಅಂದರೆ ಇನ್ನೊಬ್ಬರ ಹತ್ತಿರ ಹೋಗಿ. ನೀವು ತೆಗೆಸಿದ ಆ ಪಕ್ಕದ ಫೋಟೋ ಅವರಿಗೆ ತೋರಿಸಿ. ಅದರಲ್ಲಿ ಟೇಪಿಗೆ ಸಿಗದ ವಿಷಯ ಇದೆ.

ಪಾಲಿಶ್ ಡಬ್ಬಿ:

ಶೂ ಬಗ್ಗೆ ನಾನು ಹೇಳಲೇಬೇಕು. ನೀಲಿ ಅಂಗಿ ಸರ್, ಹನ್ನೊಂದು ವರ್ಷ ಅಗಲ ಮೂತಿಯ ಬೂಟು ಹಾಕಿದವರು ನೀವು. ಒಮ್ಮೆ ನಿಂತುಕೊಂಡು ಪಾದದ ಉದ್ದ, ಅಗಲ ಎರಡೂ ಅಳೆಸಿ. ಕಾಲೇಜು ದಿನದ ನಂಬರನ್ನೇ ಹೇಳಿ ಕೊಳ್ಳುವವರು ಬಹಳ. ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಚೂಪು ಮೂತಿಯದು ನಿಮ್ಮ ಬೆರಳಿಗೂ ಒಳ್ಳೆಯದಲ್ಲ, ನೀಲಿ ಕೋಟಿಗೂ ಹೊಂದುವುದಿಲ್ಲ.

ಲೇಸಿನ ಶೂಗಳಲ್ಲಿ ಎರಡು ಜಾತಿ ತಿಳಿದುಕೊಳ್ಳಿ. ಲೇಸು ಹಾಕುವ ಎರಡು ರೆಕ್ಕೆಗಳು ಮುಂದಿನ ಚರ್ಮದ ಅಡಿಗೆ ಹೊಲಿದಿದ್ದರೆ ಆಕ್ಸ್‌ಫರ್ಡ್. ಮೇಲೆ ಹೊಲಿದು ಬಿಚ್ಚಿಕೊಳ್ಳುವ ಹಾಗಿದ್ದರೆ ಡರ್ಬಿ. ಆಕ್ಸ್‌ಫರ್ಡ್ ಜಾಸ್ತಿ ಔಪಚಾರಿಕ, ಸೂಟಿಗೆ ಒಳ್ಳೆಯದು. ಬೇರೆ ಬಣ್ಣದ ಪ್ಯಾಂಟು, ಕೋಟಿಗೆ ಡರ್ಬಿ ಚೆನ್ನಾಗಿ ಒಪ್ಪುತ್ತದೆ. ಪಾದದ ಮೇಲ್ಭಾಗ ಎತ್ತರ ಇರುವವರಿಗೆ ಆಕ್ಸ್‌ಫರ್ಡಿನ ರೆಕ್ಕೆಗಳು ಕೂಡಿಕೊಳ್ಳುವುದೇ ಇಲ್ಲ, ಅವರಿಗೂ ಡರ್ಬಿಯೇ. ಬಣ್ಣ ಕಡು ಕಂದು ಇರಲಿ, ಇಟ್ಟಿಗೆ ಬಣ್ಣದ ತಿಳಿ ಕಂದು ಬೇಡ. ಬೆಲ್ಟು ಅದೇ ಕಂದಿಗೆ ಹತ್ತಿರ ಇದ್ದರೆ ಸಾಕು. ಕಾಲುಚೀಲ ಪ್ಯಾಂಟಿನ ಬಣ್ಣದ್ದು, ಮೊಣಕಾಲ ಕೆಳಗಿನವರೆಗೆ ಬರುವಂಥದ್ದು. ಕಾಲ ಮೇಲೆ ಕಾಲು ಹಾಕಿ ಕೂತಾಗ ಚರ್ಮ ಕಾಣಬಾರದು, ನಿಮ್ಮದು ಕೂತು ಮಾತಾಡುವ ಕೆಲಸ ಅಲ್ವಾ?

ಕೈಯಲ್ಲಿ ಆಗುವುದಾದರೆ ವೆಲ್ಟ್ ಹೊಲಿಗೆಯ ಶೂ ತೆಗೆದುಕೊಳ್ಳಿ. ಇದರಲ್ಲಿ ಮೇಲಿನ ಚರ್ಮವನ್ನು ಸುತ್ತಲೂ ಒಂದು ಚರ್ಮದ ಪಟ್ಟಿಗೆ ಹೊಲಿಯುತ್ತಾರೆ, ಅಟ್ಟೆಯನ್ನು ಆ ಪಟ್ಟಿಗೆ ಬೇರೆಯಾಗಿ ಹೊಲಿಯುತ್ತಾರೆ. ಅಟ್ಟೆ ಸವೆದರೆ ಮೇಲಿನ ಚರ್ಮಕ್ಕೆ ಕೈ ಹಚ್ಚದೆ ಹೊಸ ಅಟ್ಟೆ ಹಾಕಬಹುದು. ನನ್ನ ಕಂದು ಡರ್ಬಿಗೆ ಒಂಬತ್ತು ವರ್ಷ, ಅಟ್ಟೆ ಎರಡು ಸಲ ಬದಲಾಗಿದೆ. ಒಂದೇ ನಿಯಮ ಪಾಲಿಸಿದ್ದೇನೆ: ಇವತ್ತು ಹಾಕಿದ ಶೂ ನಾಳೆ ಹಾಕುವುದಿಲ್ಲ. ಬೆವರು ಆರಬೇಕು. ರಾತ್ರಿ ಒಳಗೆ ಸೀಡರ್ ಮರದ ಅಚ್ಚು ಹಾಕಿಡುತ್ತೇನೆ.

ಎಂಟನೇ ಮಹಡಿ:

ಅಂಗಿ, ಟೈ ಉಳಿಯಿತು. ಅಂಗಿಯ ಕಾಲರ್ ಗುಂಡಿ ಹಾಕಿದಾಗ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಕಾಲರಿನ ಚೂಪು ತುದಿಗಳು ಕೋಟಿನ ಲ್ಯಾಪೆಲ್ (ಎದೆಯ ಮೇಲೆ ಹೊರಕ್ಕೆ ಮಡಚಿದ ಭಾಗ) ಅಡಿಗೆ ಸೇರಬೇಕು, ಗಾಳಿಯಲ್ಲಿ ನಿಲ್ಲಬಾರದು. ಟೈ ಇಲ್ಲದೆ ಹಾಕುವ ದಿನಕ್ಕೆ ಕಾಲರ್ ತುದಿಗೆ ಗುಂಡಿ ಇರುವ, ಆಕ್ಸ್‌ಫರ್ಡ್ ಅನ್ನುವ ದಪ್ಪ ಹತ್ತಿ ಬಟ್ಟೆಯ ಅಂಗಿ ನನಗೆ ಬಹಳ ಇಷ್ಟ. ಕಾಲರ್ ಕೋಟಿನ ಒಳಗೆ ಕುಸಿಯುವುದಿಲ್ಲ.

ಟೈ ಒಂದು ಸಾಕು, ಕಡು ನೀಲಿ, ಸ್ವಲ್ಪ ಒರಟು ಮೈಯ ರೇಷ್ಮೆ. ಅದನ್ನು ಆಫೀಸಿನ ಡ್ರಾಯರಿನಲ್ಲಿ ಇಡಿ, ಮಡಚಬೇಡಿ, ಸುತ್ತಿಡಿ. ಅಗಲ ಎಂಟು ಸೆಂಟಿಮೀಟರ್ ಆಸುಪಾಸು, ಕೋಟಿನ ಲ್ಯಾಪೆಲ್ ಅಗಲಕ್ಕೆ ಹತ್ತಿರ. ಕಟ್ಟಿದಾಗ ತುದಿ ಬೆಲ್ಟಿನ ಬಕಲ್ ಮುಟ್ಟಬೇಕು. ಗಂಟು ಫೋರ್ ಇನ್ ಹ್ಯಾಂಡ್ ಒಂದೇ ಕಲಿಯಿರಿ. ಅದು ಸ್ವಲ್ಪ ಓರೆಯಾಗಿ ಬರುತ್ತದೆ, ಹಾಗೇ ಇರಲಿ. ಬಿಚ್ಚುವಾಗ ಎಳೆಯಬೇಡಿ, ಕಟ್ಟಿದ ದಾರಿಯಲ್ಲೇ ಬಿಚ್ಚಿ. ಟೈ ಬಟ್ಟೆಯನ್ನು ನೇಯ್ಗೆಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿ, ಮೂರು ತುಂಡು ಸೇರಿಸಿ ಹೊಲಿಯುತ್ತಾರೆ. 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಇದಕ್ಕೆ ಪೇಟೆಂಟ್ ಪಡೆದರು. ಆ ಓರೆಯಿಂದಲೇ ಅದು ಹಿಗ್ಗಿ ಮತ್ತೆ ಮೊದಲಿನ ಆಕಾರಕ್ಕೆ ಬರುವುದು. ಜೋರಾಗಿ ಎಳೆದರೆ ಒಳಗಿನ ದಾರ ಕಿತ್ತು ತಿರುಚಿಕೊಳ್ಳುತ್ತದೆ.

ನೀಲಿ ಅಂಗಿ:

ಐದನೇ ವಾರ. ನಿನ್ನೆ ಟ್ರಯಲ್ ಆಯಿತು. ಕಡು ನೀಲಿ, 260 ಗ್ರಾಂ, ಹಾಫ್ ಕ್ಯಾನ್ವಾಸ್. ದರ್ಜಿಗೆ ಫೋಟೋ ತೋರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಬೆನ್ನಿನ ಅಳತೆ ಮತ್ತೊಮ್ಮೆ ತೆಗೆದು, ಹಿಂಭಾಗಕ್ಕೆ ಮುಕ್ಕಾಲು ಇಂಚು ಉದ್ದ ಸೇರಿಸಿದರು. ಬಲ ಭುಜ ತಗ್ಗು ಅಂತ ಆ ಕಡೆ ತೆಳು ಪ್ಯಾಡು ಇನ್ನೊಂದು ಇಟ್ಟರು. ಕೂತೆ, ಎದ್ದೆ, ಕೈ ಚಾಚಿದೆ. ಕಾಲರ್ ಕುತ್ತಿಗೆ ಬಿಟ್ಟು ಏಳಲಿಲ್ಲ. ಎಡ ತೋಳು ಕಾಲು ಇಂಚು ಉದ್ದ ಇದೆ ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡಿದ್ದಾರೆ. ಗುರುವಾರ ಕೊಡುತ್ತಾರೆ. ಶೂ ಡರ್ಬಿ ತೆಗೆದುಕೊಂಡೆ. ನನ್ನ ಪಾದ ಹಳೆಯ ನಂಬರಿಗಿಂತ ಅರ್ಧ ಸೈಜು ದೊಡ್ಡದು, ಅಗಲವೂ ಒಂದು ಮಟ್ಟ ಜಾಸ್ತಿ ಬೇಕಾಯಿತು.

ಸೂಜಿದಾರ:

ಒಳ್ಳೆಯ ಕೈಗೆ ಸಿಕ್ಕಿದ್ದೀರಿ. ಗುರುವಾರ ತಂದ ಮೇಲೆ ಸೋಮವಾರದವರೆಗೆ ಬೀರುವಿನಲ್ಲಿ ಇಡಬೇಡಿ. ಸಂಜೆ ಮನೆಯಲ್ಲಿ ಒಂದೊಂದು ಗಂಟೆ ಹಾಕಿಕೊಂಡು ಓಡಾಡಿ. ಶೂ ಕೂಡ ಹಾಕಿಕೊಳ್ಳಿ, ಪ್ಯಾಂಟಿನ ಉದ್ದ ಆಗಲೇ ಸರಿಯಾಗಿ ಗೊತ್ತಾಗುವುದು. ಕಳಚಿದ ಮೇಲೆ ಅಗಲ ಭುಜದ ಮರದ ಹ್ಯಾಂಗರಿಗೆ ಹಾಕಿ. ಮೃದು ಕೂದಲಿನ ಬ್ರಷ್‌ನಲ್ಲಿ ಮೇಲಿಂದ ಕೆಳಕ್ಕೆ ಧೂಳು ತೆಗೆಯಿರಿ. ಸುಕ್ಕು ಕಂಡರೆ ಸ್ನಾನದ ಮನೆಯ ಬಿಸಿ ಹಬೆಯಲ್ಲಿ ಸ್ವಲ್ಪ ಹೊತ್ತು ತೂಗುಹಾಕಿ. ಎದೆಯ ಮೇಲೆ ಮಾತ್ರ ಇಸ್ತ್ರಿ ಒತ್ತಬೇಡಿ, ಲ್ಯಾಪೆಲ್ ಮಡಚುವ ಜಾಗದ ಆ ದುಂಡನೆ ತಿರುವು ಒಮ್ಮೆ ಚಪ್ಪಟೆಯಾದರೆ ಮತ್ತೆ ತರುವುದು ಬಲು ಕಷ್ಟ.